ಶಿವಬಸಮ್ಮನ ಎಡಗೈ

ರಾಯಚೂರಿನ ಆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಕೋಣೆಯ ಹೊರಗೆ ಒಂದು ಉದ್ದನೆಯ ಕಲ್ಲಿನ ಕಟ್ಟೆ ಇದೆ. ನನ್ನ ತಮ್ಮ ಚನ್ನವೀರನ ಮೂತ್ರಪಿಂಡಗಳು ಕೆಟ್ಟ ಮೇಲೆ ವಾರಕ್ಕೆ ಎರಡು ಸಲ ಅವನನ್ನು ಒಳಗೆ ಬಿಟ್ಟು ನಾನು ಆ ಕಟ್ಟೆಯ ಮೇಲೆ ಕೂರುತ್ತಿದ್ದೆ. ಮೊದಮೊದಲು ಯಾರೊಂದಿಗೂ ಮಾತು ಬೇಕಿರಲಿಲ್ಲ. ಕಣ್ಣು ಮುಚ್ಚಿ ಶಿವನಾಮ ಹೇಳಿಕೊಳ್ಳುತ್ತ ಹೊತ್ತು ಕಳೆಯುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಹೆಂಗಸು ಸರಿದು ಬಂದು, ತನ್ನ ಎಡ ಮುಂಗೈಯನ್ನು ನನ್ನ ಕಿವಿಯ ಹತ್ತಿರ ಹಿಡಿದಳು.

“ಅಕ್ಕಾರ, ಅಂಜಬ್ಯಾಡ್ರಿ. ಕಿವಿ ಹಚ್ಚಿ ಕೇಳ್ರಿ.”

ಮಣಿಕಟ್ಟಿನ ಮೇಲೆ ನರ ಹಗ್ಗದ ಹಾಗೆ ಉಬ್ಬಿತ್ತು. ಕಿವಿ ಇಟ್ಟೆ. ಒಳಗೆ ಝುಂಯ್ ಎಂದು ಎಡೆಬಿಡದ ಸದ್ದು. ದೂರದಲ್ಲೆಲ್ಲೋ ಯಂತ್ರ ತಿರುಗುತ್ತಿದ್ದಂತೆ.

“ಇದು ನನ್ನ ಗಿರಣಿ,” ಎಂದು ನಕ್ಕಳು. “ನಮ್ಮ ಮನಿಯವ್ರು ಮಾನ್ವ್ಯಾಗ ಅಕ್ಕಿ ಗಿರಣ್ಯಾಗ ಹಮಾಲಿ ಮಾಡ್ತಾರ. ಆ ಗಿರಣಿ ಕರೆಂಟ್ ಹೋದ್ರ ನಿಲ್ತದ. ನಂದು ನಿಲ್ಲಂಗಿಲ್ಲ ನೋಡ್ರಿ. ಹಗಲಿಲ್ಲ ರಾತ್ರಿಲ್ಲ, ನಡದ ನಡದದ.”

ಡಯಾಲಿಸಿಸ್‌ಗೆ ಬರುವವರ ಕೈಯಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಎರಡು ರಕ್ತನಾಳಗಳನ್ನು ಜೋಡಿಸುತ್ತಾರೆ. ಜೋಡಿಸಿದ ಮೇಲೆ ಅಲ್ಲಿ ರಕ್ತ ಜೋರಾಗಿ ಹರಿದು ನರ ದಪ್ಪವಾಗುತ್ತದೆ. ದೊಡ್ಡ ಸೂಜಿ ಚುಚ್ಚಲು ಬರುತ್ತದೆ. ಆ ಸೂಜಿಯಿಂದಲೇ ರಕ್ತ ಯಂತ್ರಕ್ಕೆ ಹೋಗಿ ತೊಳೆದುಕೊಂಡು ಬರುವುದು. ಕೈಯಲ್ಲಿ ಸದ್ದು ಇದ್ದರೆ ದಾರಿ ತೆರೆದಿದೆ ಎಂದರ್ಥ. ಸದ್ದು ನಿಂತರೆ ದಾರಿ ಮುಚ್ಚಿತು. ಆ ಹೆಂಗಸಿನ ಹೆಸರು ಶಿವಬಸಮ್ಮ. ಇಷ್ಟನ್ನು ನಾನು ಅವಳಿಂದಲೇ ಕಲಿತೆ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತನ್ನ ಜೀವ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಎದೆ ಮುಟ್ಟಿಕೊಳ್ಳದೆ ಮಣಿಕಟ್ಟು ತೋರಿಸುತ್ತಿದ್ದಳು.

ಅವಳ ಊರು ಹಿರೇಕೊಟ್ನೆಕಲ್. ಕಾಲುವೆ ನೀರಿನ ಗದ್ದೆಗಳ ಊರು. ನಾಟಿಯ ಕಾಲಕ್ಕೆ ಹೆಂಗಸರು ಗುಂಪು ಕಟ್ಟಿಕೊಂಡು ಗುತ್ತಿಗೆ ಹಿಡಿಯುತ್ತಾರೆ. ಗುಂಪಿನಲ್ಲಿ ಒಬ್ಬಳು ಕುಳಿತರೆ ಉಳಿದವರ ಕೂಲಿಗೂ ಕುತ್ತು. ಶಿವಬಸಮ್ಮ ಅಂಥ ಒಂದು ಗುಂಪಿನ ಮುಂದಾಳಾಗಿದ್ದಳು. ದಿನವಿಡೀ ಕೆಸರಿನಲ್ಲಿ ಬಗ್ಗಿ ಸಂಜೆ ಟೊಂಕ ನೆಟ್ಟಗಾಗದೆ ಹೋದಾಗ, ಊರಿಗೆ ಬೈಕಿನ ಮೇಲೆ ಬರುವ ಒಬ್ಬನಿಂದ ಸೂಜಿ ಮಾಡಿಸಿಕೊಳ್ಳುತ್ತಿದ್ದಳು. ಊರವರು ಅವನನ್ನು ಡಾಕ್ಟರ್ ಅನ್ನುತ್ತಿದ್ದರು. ಓದಿದ ಡಾಕ್ಟರ್ ಅಲ್ಲ. ಸೂಜಿಯ ಜೊತೆಗೆ ನೋವಿನ ಗುಳಿಗೆ. ಬೆಳಗಾದರೆ ಮತ್ತೆ ಗದ್ದೆ. ಹೀಗೆ ವರ್ಷಗಟ್ಟಲೆ.

“ಆ ಸೂಜಿ ಇಲ್ಲಾಂದ್ರ ಮರುದಿನದ ಪಗಾರ ಇಲ್ಲ ಅಕ್ಕಾರ. ಸೂಜಿಗೆ ಕೊಟ್ಟದ್ದು ಹೊತ್ತು ಮುಳುಗೋದ್ರಾಗ ದುಡದು ಬರ್ತಿತ್ತು. ಅಂಥಾ ಸೂಜೀನ ಯಾರರ ಬಿಡ್ತಾರೇನ್ರಿ?”

ಅದೇ ಹೊತ್ತಿಗೆ ಊರಿನ ಆಶಾ ಕಾರ್ಯಕರ್ತೆ ಸರಕಾರದ ಕಡೆಯಿಂದ ರಕ್ತದೊತ್ತಡದ ಗುಳಿಗೆಗಳನ್ನು ತಂದುಕೊಡುತ್ತಿದ್ದಳಂತೆ. ಅವು ಗೋಡೆಯ ಗೂಡಿನಲ್ಲಿ ಬಿದ್ದಿರುತ್ತಿದ್ದವು. “ಪುಕ್ಕಟೆ ಕೊಡೋ ಗುಳಿಗ್ಯಾಗ ಏನ ತಾಕತ್ತಿರ್ತದ ಅಂತ ಅಂದ್ಕೊಂಡೆ. ನುಂಗಿದ್ರ ನೋವು ಹೋಗಂಗಿಲ್ಲ, ನಿದ್ದಿ ಬರಂಗಿಲ್ಲ, ನುಂಗಿದ್ದೂ ತಿಳಿಯಂಗಿಲ್ಲ.”  ಆಮೇಲೆ, “ತಿಳಿದಿದ್ದ ಸೂಜಿ ಕಿಡ್ನಿ ತಿಂದ್ವು. ತಿಳೀದ ಗುಳಿಗಿ ಗೂಡಿನ್ಯಾಗ ಉಳದ್ವು,” ಎಂದಳು.

ಮುಖ ಬಾತು, ಕಾಲು ಬಾತು, ಉಸಿರು ಹಿಡಿದು ರಾಯಚೂರಿಗೆ ತರುವ ಹೊತ್ತಿಗೆ ಮಾಡಲು ಡಯಾಲಿಸಿಸ್ ಒಂದೇ ಉಳಿದಿತ್ತು. ಅವಳ ಸರದಿ ಬುಧವಾರ ಮತ್ತು ಶನಿವಾರ. ನನ್ನ ತಮ್ಮನದೂ ಅದೇ ದಿನಗಳು. ಹಾಗಾಗಿ ನಮ್ಮ ಕಟ್ಟೆಯ ಗೆಳೆತನ ಬೆಳೆಯಿತು.

ಮೊದಲು ಗಂಡ ಈರಯ್ಯನೂ ಜೊತೆಗೆ ಬರುತ್ತಿದ್ದ. ಎತ್ತರದ, ಮಾತು ಕಡಿಮೆಯ ಮನುಷ್ಯ. ಹೆಗಲ ಮೇಲೆ ಚೀಲ ಹೊತ್ತು ಹೊತ್ತು ಕುತ್ತಿಗೆ ಒಂದು ಕಡೆ ವಾಲಿತ್ತು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಗಂಡಸರಿಗೆ ಇದೆ. ಟಿಕೆಟ್ಟಿಗಿಂತ ದೊಡ್ಡ ತೊಂದರೆ ಗಿರಣಿಯದು. ಅಲ್ಲಿ ಹಮಾಲರ ಒಂದು ತಂಡ. ದಿನದ ದುಡಿಮೆಯನ್ನು ಸಂಜೆ ಕೂತು ಪಾಲು ಹಾಕಿಕೊಳ್ಳುತ್ತಾರೆ. ಬಾರದವನಿಗೆ ಪಾಲಿಲ್ಲ. ಶಿವಬಸಮ್ಮ ಕೆಲವು ವಾರ ನೋಡಿ ಒಂದು ದಿನ ಗಂಡನನ್ನು ಬಸ್‌ಸ್ಟ್ಯಾಂಡಿನಿಂದಲೇ ತಿರುಗಿಸಿ ಕಳಿಸಿದಳು.

“ನೀವು ಬಂದು ಕಟ್ಟಿ ಕಾಯ್ದ್ರ ನನ್ನ ರಕ್ತ ಇನ್ನಷ್ಟು ಸ್ವಚ್ಛ ಆಗ್ತದೇನು? ಹೋಗ್ರಿ, ಹೋಗಿ ಚೀಲಾ ಹೊರ್ರಿ.”

“ದಾರ್‍ಯಾಗ ತಲಿ ತಿರುಗಿ ಬಿದ್ದೀಯಬೇ.”

“ಬಿದ್ರ ಪುಕ್ಕಟೆ ಬಸ್ಸಿನ್ಯಾಗ ಬೀಳ್ತೀನಿ. ನಿಮ್ಮಂಗ ರೊಕ್ಕ ಕೊಟ್ಟು ಬೀಳಂಗಿಲ್ಲ.”

ಇದನ್ನು ಹೇಳಿ ಹೇಳಿ ನಗುತ್ತಿದ್ದಳು. ಅಂದಿನಿಂದ ಒಬ್ಬಳೇ ಬಂದಳು, ಒಬ್ಬಳೇ ಹೋದಳು. ನರ್ಸ್ ಹುಮೇರಾ ಹೇಳಿದ ಮಾತುಗಳೆಲ್ಲ ಅವಳೊಬ್ಬಳ ಕಿವಿಗೇ ಬಿದ್ದವು.

ಹುಮೇರಾ ಚಿಕ್ಕ ವಯಸ್ಸಿನ ಹುಡುಗಿ, ಕೈ ಬಹಳ ಮೃದು. ಹೊಸದಾಗಿ ಬಂದವರಿಗೆಲ್ಲ ಆ ಕೈಯ ನಿಯಮ ಹೇಳುತ್ತಿದ್ದಳು. ಆ ಕೈಲಿ ಭಾರ ಎತ್ತಬಾರದು, ಆ ಕೈ ಮೇಲೆ ಮಲಗಬಾರದು, ಬಿಗಿಯಾದದ್ದೇನೂ ಕಟ್ಟಬಾರದು, ಬಳೆ ಬೇಡ, ಗಾಯ ಆಗಬಾರದು. “ಅಮ್ಮಾ, ಇಲ್ಲಿ ಕೊಯ್ದ್ರ ರಕ್ತ ಕಾರಂಜಿ ಥರ ಹಾರ್ತದ. ನಿಲ್ಲಂಗೇ ಇಲ್ಲ.” ಎಲ್ಲ ನಿಯಮಗಳಿಗಿಂತ ಶಿವಬಸಮ್ಮನ ಮನಸ್ಸಿನಲ್ಲಿ ಕೂತದ್ದು ಈ ಕಾರಂಜಿ.

“ಬಳಿ ಎಷ್ಟು ದಿವ್ಸ ಬ್ಯಾಡ?” ಎಂದು ಕೇಳಿದ್ದಳಂತೆ.

“ಇರೋತನಕ ಅಮ್ಮಾ.”

ಲಿಂಗ ಕಟ್ಟಿಕೊಂಡವರಿಗೆ ಎಡಗೈ ಪೂಜೆಯ ಕೈ. ಬೆಳಿಗ್ಗೆ ಮಿಂದು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ವಿಭೂತಿ, ಪತ್ರಿ ಏರಿಸಿ ಕಣ್ಣಿಟ್ಟು ಕೂರಬೇಕು. ಶಿವಬಸಮ್ಮ ಇದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಕೈಗೆ ಆಪರೇಷನ್ ಆದ ಮೇಲೆ ಪೂಜೆಗೆ ಕೂತಾಗ ಮಣಿಕಟ್ಟಿನ ನಡುಕ ಅಂಗೈಗೆ ಏರಿ ಲಿಂಗದ ಮೇಲಿನ ವಿಭೂತಿ ಸಣ್ಣಗೆ ಅದುರುತ್ತಿತ್ತಂತೆ. “ಮೊದಲ ದಿನ ಅಂಜಿದೆ. ಆಮ್ಯಾಲ ಅನ್ನಿಸ್ತು, ಸ್ವಾಮಿ ಉಸಿರಾಡಾಕತ್ತಾನ ಅಂತ. ಎಷ್ಟೋ ವರ್ಷ ಪೂಜಿ ಮಾಡಿದೆ, ಒಂದಿನರ ಮಾತಾಡಿದ್ದಿಲ್ಲ. ಈಗ ಮಾತಾಡ್ತಾನ.” ನಾನೂ ಲಿಂಗ ಕಟ್ಟಿಕೊಂಡವಳೇ. ಆ ಮಾತು ಕೇಳಿದ ದಿನ ಮನೆಗೆ ಹೋಗಿ ಪೂಜೆಗೆ ಕೂತಾಗ ನನ್ನ ಅಂಗೈ ಬಹಳ ನಿಶ್ಶಬ್ದ ಅನ್ನಿಸಿತು.

ಬಳೆಯ ಮಾತು ಮಾತ್ರ ಅವಳನ್ನು ಬಿಡಲಿಲ್ಲ. ಮಾನ್ವಿಯಿಂದ ಬಡೇಬೀ ಎಂಬ ಬಳೆಗಾರ್ತಿ ಹಬ್ಬದ ಮುಂದೆ ಬುಟ್ಟಿ ಹೊತ್ತು ಹಿರೇಕೊಟ್ನೆಕಲ್ಲಿಗೆ ಬರುತ್ತಾಳೆ. ಶಿವಬಸಮ್ಮನ ಮದುವೆಗೆ ಬಳೆ ಇಟ್ಟವಳೂ ಅವಳೇ. ಆಪರೇಷನ್ ಆದಂದಿನಿಂದ ಬಡೇಬೀ ಬಲಗೈಗಷ್ಟೇ ಬಳೆ ಇಟ್ಟು, ಎಡಗೈಯನ್ನು ಒಮ್ಮೆ ಮುಟ್ಟಿ ಹಣೆಗೆ ಹಚ್ಚಿಕೊಂಡು ಎದ್ದು ಹೋಗುತ್ತಿದ್ದಳು. ಬಡೇಬೀಗೆ ಇದ್ದ ಕರುಣೆ ಊರಿನ ಎಲ್ಲರಿಗೂ ಇರಬೇಕಲ್ಲ. ಪಕ್ಕದ ಮನೆಯಲ್ಲಿ ಬಸುರಿಗೆ ಉಡಿ ತುಂಬುವಾಗ ಶಿವಬಸಮ್ಮ ಅಕ್ಕಿ ಕೊಬ್ಬರಿ ಹಿಡಿದು ಮುಂದೆ ಹೋದಳು. ಒಬ್ಬ ಮುದುಕಿ ಅವಳ ಕೈ ನೋಡಿ ಎಲ್ಲರಿಗೂ ಕೇಳುವಂತೆ ಅಂದಳು:

“ಒಂದು ಕೈ ಮುತ್ತೈದಿ, ಒಂದು ಕೈ ಮುಂಡಿ. ಇಂಥಾಕಿ ಉಡಿ ತುಂಬಿದ್ರ ಅರ್ಧ ಫಲ.”

“ಅರ್ಧ ಫಲಾನೂ ಫಲಾನ ಅಲ್ಲೇನಬೇ ಯವ್ವಾ? ನಿನ್ನ ಕೈಲೆ ತುಂಬಿದ್ರ ಬರೇ ಬೈಗುಳ,” ಎಂದು ಶಿವಬಸಮ್ಮ ತಿರುಗಿ ಕೊಟ್ಟಳು. ಎಲ್ಲರೂ ನಕ್ಕರು. ಆ ವಾರವೇ ಗಿರಣಿಯಲ್ಲಿ ಚೀಲ ಜಾರಿ ಈರಯ್ಯನ ಪಾದದ ಮೇಲೆ ಬಿತ್ತು. ಎಲುಬು ಮುರಿಯಲಿಲ್ಲ, ಉಗುರು ಹೋಯಿತು, ಅಷ್ಟೇ. ಆದರೆ ಅವಳ ಮನಸ್ಸಿನಲ್ಲಿ ಮುದುಕಿಯ ಮಾತೂ ಆ ಉಗುರೂ ಒಂದಕ್ಕೊಂದು ಅಂಟಿಕೊಂಡವು.

“ನನಗ ಹೆಂಗೂ ಬ್ಯಾನಿ ಬಂದದ ಅಕ್ಕಾರ. ಅವರಿಗೇನರ ಆದ್ರ?” ಎಂದು ನನ್ನನ್ನು ಕೇಳಿದಳು. ಬಳೆಗೂ ಆಯುಷ್ಯಕ್ಕೂ ಸಂಬಂಧವಿಲ್ಲ, ಕೊಡುವವನೂ ಒಯ್ಯುವವನೂ ಶಿವ ಎಂದೆ. “ಹೌದ್ರಿ,” ಎಂದು ತಲೆ ಆಡಿಸಿದಳು. ಒಪ್ಪಿದ್ದು ತಲೆಯಷ್ಟೇ.

ಅಷ್ಟರಲ್ಲಿ ದೇವದುರ್ಗದಿಂದ ಅಕ್ಕ ಅಮರಮ್ಮನ ಫೋನು ಬಂತು. ಅಕ್ಕನ ಮಗಳು ಸ್ವಪ್ನಾಗೆ ಮದುವೆ. ಮದುವೆಯ ಹಿಂದಿನ ದಿನ ಸುರಿಗೆ: ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು ನೂಲು ಸುತ್ತಿ, ಅದರ ನಡುವೆ ಮದುಮಗಳನ್ನು ಕೂರಿಸಿ ಐವರು ಮುತ್ತೈದೆಯರು ನೀರೆರೆಯುತ್ತಾರೆ.

“ಐದು ಮಂದ್ಯಾಗ ನೀನೂ ಒಬ್ಬಾಕಿ,” ಎಂದಳು ಅಮರಮ್ಮ. “ಬೀಗರ ಮುಂದ ಬೋಳು ಕೈಲೆ ಬಂದು ನಿಂದ್ರಬ್ಯಾಡ ಮತ್ತ. ನನ್ನ ಮರ್ಯಾದಿ ತಗೀಬ್ಯಾಡವಾ.”

ಮದುವೆ ಭಾನುವಾರ, ಸುರಿಗೆ ಶನಿವಾರ. ಅಂದರೆ ಶನಿವಾರದ ಡಯಾಲಿಸಿಸ್ ತಪ್ಪಬೇಕು. ಹುಮೇರಾ ಬೈದಳು, ಕೊನೆಗೆ ನೀರು ಕಡಿಮೆ ಕುಡಿಯಬೇಕು, ಸೋಮವಾರ ಬೆಳಿಗ್ಗೆಯೇ ಬರಬೇಕು ಎಂದು ಒಪ್ಪಿದಳು. ಬಳೆಯ ವಿಷಯವನ್ನು ಶಿವಬಸಮ್ಮ ಎತ್ತಲೇ ಇಲ್ಲ.

ಶುಕ್ರವಾರ ಬಡೇಬೀ ಅವಳ ಅಂಗಳಕ್ಕೆ ಬಂದು ಬುಟ್ಟಿ ಇಳಿಸಿದಳು. ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಇಬ್ಬರೂ ಹೇಳಿದರು, ಬೇರೆ ಬೇರೆ ದಿನ, ಒಂದೇ ಥರ.

“ಬಡೇಬೀ, ಎಡಗೈಗೂ ಇಡು.”

“ತೋಬಾ! ನರ್ಸಮ್ಮ ಬೈತಾಳ ಅಂತ ನೀನ ಹೇಳಿದ್ದಿಲ್ಲೇನು?”

“ಎರಡು ದಿವ್ಸಕ್ಕ. ಲಗ್ನ ಮುಗಿದ ಮ್ಯಾಲ ತೆಗದುಬಿಡ್ತೀನಿ.”

“ಹಂಗಾದ್ರ ದೊಡ್ಡ ಅಳತಿ ಬಳಿ ಸಡ್ಲ ಇಡ್ತೀನಿ.”

“ಸಡ್ಲ ಬ್ಯಾಡ. ಲಗ್ನದ ಗದ್ಲದಾಗ ಎಲ್ಲ್ಯಾರ ಬಡದು ಗಾಜು ಚುಚ್ಚಿದ್ರ ರಕ್ತ ಕಾರಂಜಿ ಹಾರಿದಂಗ ಹಾರ್ತದಂತ. ಸುರಿಗ್ಯಾಗ ರಕ್ತ ಬಿದ್ರ ಆ ಕೂಸಿನ ಗತಿ ಏನು?”

ಬಡೇಬೀ ಯೋಚನೆಗೆ ಬಿದ್ದಳು. ಊರೂರು ತಿರುಗುವ ಬಳೆಗಾರರಿಗೆ ಒಂದು ಪದ್ಧತಿ ಇದೆ. ಬುಟ್ಟಿಯಲ್ಲಿ ಬಳೆಗಳ ನಡುವೆ ಹಳೆಯ ಬಟ್ಟೆಯನ್ನು ಬಿಗಿಯಾಗಿ ತುರುಕುತ್ತಾರೆ. ಬಳೆ ಅಲುಗಾಡಬಾರದು, ಅಲುಗಾಡಿದರೆ ಒಡೆಯುತ್ತದೆ. ಹಾಗೆ ಕಟ್ಟಿದ ಬುಟ್ಟಿ ಟೆಂಪೋದ ಮೇಲಿಂದ ಬಿದ್ದರೂ ಒಂದು ಬಳೆಗೆ ಸೀಳು ಬರುವುದಿಲ್ಲ. ಬಡೇಬೀ ಬದುಕಿಡೀ ನಂಬಿದ ವಿದ್ಯೆ ಅದು. ಬುಟ್ಟಿಯೊಳಗಿನ ಮೆತ್ತನೆಯ ಸೀರೆ ಚಿಂದಿಯನ್ನೇ ಹರಿದು, ಉಬ್ಬಿದ ನರದ ಮೇಲೆ ಸುತ್ತು ಸುತ್ತು ಸುತ್ತಿ, ಅದರ ಮೇಲೆ ಸಣ್ಣ ಅಳತೆಯ ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದಳು. ಗಾಜು ಚರ್ಮಕ್ಕೆ ತಾಗಲಿಲ್ಲ. ಬಳೆ ಕದಲಲಿಲ್ಲ. ಉಬ್ಬೂ ಕಾಣಲಿಲ್ಲ.

“ಗಿರಣಿ ನಡದದೇನು ನೋಡು,” ಎಂದಳು ಬಡೇಬೀ.

ಶಿವಬಸಮ್ಮ ಕೈಯನ್ನು ಕಿವಿಗೆ ಹಿಡಿದಳು. “ನಡದದ. ಬಟ್ಟಿ ಒಳಗ ಸಣ್ಣಗ ಕೇಳ್ತದ.”

ಇಬ್ಬರಿಗೂ ಸಮಾಧಾನವಾಯಿತು. ನರ್ಸಮ್ಮ ಹೆದರಿದ್ದು ಗಾಯಕ್ಕೆ. ಗಾಯ ಆಗದ ಹಾಗೆ ತಾವು ನೋಡಿಕೊಂಡಿದ್ದೇವೆ ಅಂದುಕೊಂಡರು.

ದೇವದುರ್ಗದಲ್ಲಿ ಅವಳು ಸುರಿಗೆಯೊಳಗೆ ನಿಂತಳು, ಎರಡೂ ಕೈ ತುಂಬ ಹಸಿರು ಬಳೆ. ಬೀಗರ ಕಡೆಯ ಹಿರಿಯಳೊಬ್ಬಳು, “ಈ ಯವ್ವಾ ಎಷ್ಟು ಲಕ್ಷಣ ಅದಾಳ,” ಎಂದಳಂತೆ. ಆ ಸಂಜೆ ತೆಗೆದ ಒಂದು ಫೋಟೊವನ್ನು ಶಿವಬಸಮ್ಮ ನನಗೆ ಮೊಬೈಲಿನಲ್ಲಿ ತೋರಿಸಿದ್ದಳು. ಸೊರಗಿದ ಮುಖ. ಆದರೆ ನಗು ಮಾತ್ರ ಮದುವಣಗಿತ್ತಿಯದು.

ಡಯಾಲಿಸಿಸ್ ತಪ್ಪಿತೆಂದು ಅವಳು ನೀರೂ ಕುಡಿಯಲಿಲ್ಲ, ಸರಿಯಾಗಿ ಊಟವನ್ನೂ ಮಾಡಲಿಲ್ಲ. ಮದುವೆ ಮನೆಯ ಇಕ್ಕಟ್ಟಿನಲ್ಲಿ ಎಡ ಮಗ್ಗುಲಾಗಿ ಮಲಗಿ ನಿದ್ದೆ ಹೋದಳು. ಭಾನುವಾರ ಬೆರಳುಗಳು ಜೋಮು ಹಿಡಿದು ತಣ್ಣಗಾಗಿದ್ದವು. ಅಕ್ಕನಿಗೆ ಹೇಳಿದಾಗ, “ಅಕ್ಕಿಕಾಳು ಬೀಳೋತನಕ ತಡಿ. ಲಗ್ನದ ಮನ್ಯಾಗ ಮುತ್ತೈದಿ ಬಳಿ ತೆಗೀತಾರೇನ?” ಎಂದಳು ಅಮರಮ್ಮ. ಶಿವಬಸಮ್ಮ ತಡೆದಳು. ಅಕ್ಷತೆ ಬಿತ್ತು, ಊಟವಾಯಿತು, ಬಸ್ಸು ಹಿಡಿದು ಊರಿಗೆ ಬಂದು ಸಾಬೂನು ಹಚ್ಚಿ ಬಳೆ ಜಾರಿಸಿದಳು, ಬಟ್ಟೆ ಬಿಚ್ಚಿದಳು. ದಣಿವಿಗೆ ಹಾಗೇ ಮಲಗಿಬಿಟ್ಟಳು. ಬೆಳಿಗ್ಗೆ ಎದ್ದು ಮಿಂದು ಲಿಂಗವನ್ನು ಅಂಗೈಗೆ ತೆಗೆದುಕೊಂಡಳು.

“ಲಿಂಗ ಸುಮ್ಮನ ಕುಂತಿತ್ತು ಅಕ್ಕಾರ,” ಎಂದಳು ನನಗೆ. “ವಿಭೂತಿ ಅಲುಗಲಿಲ್ಲ. ನಾನು ಕೈ ಅಲುಗಿಸಿದೆ. ಆವಾಗಷ್ಟ ಅಲುಗಿತು.”

ಆ ಸೋಮವಾರ ತಮ್ಮನ ರಕ್ತಪರೀಕ್ಷೆಯ ಸಲುವಾಗಿ ನಾನೂ ಅಲ್ಲಿದ್ದೆ. ಹುಮೇರಾ ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟಳು, ಸರಿಸಿ ಸರಿಸಿ ಇಟ್ಟಳು, ಸ್ಟೆತಸ್ಕೋಪ್ ಹಚ್ಚಿ ಕೇಳಿದಳು. ಚರ್ಮದ ಮೇಲೆ ಬಳೆಗಳ ಗುರುತು ಗೆರೆ ಗೆರೆಯಾಗಿ ಹಾಗೇ ಇತ್ತು.

“ಅಮ್ಮಾ, ಏನ್ ಮಾಡ್ಕೊಂಡ್ರಿ?”

ಶಿವಬಸಮ್ಮ ಎಲ್ಲ ಹೇಳಿದಳು. ಬಟ್ಟೆ ಸುತ್ತಿದ್ದನ್ನು ಒತ್ತಿ ಒತ್ತಿ ಹೇಳಿದಳು. ತಾವು ಎಷ್ಟು ಜೋಕೆ ಮಾಡಿದೆವು ಎಂದು ಈ ಹುಡುಗಿಗೆ ತಿಳಿಯಲಿ ಎಂಬಂತೆ.  ಹುಮೇರಾ ಗೋಡೆಯ ಕಡೆ ತಿರುಗಿ ಏನೋ ಹುಡುಕಿದಂತೆ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಈರಯ್ಯ ಬಂದ. ಎಳೆಯ ಡಾಕ್ಟರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಬಿಗಿ ಬಟ್ಟೆ ಒತ್ತಿ ನರದಲ್ಲಿ ರಕ್ತ ಹೆಪ್ಪುಗಟ್ಟಿದೆ. ಕೂಡಲೇ ಗೊತ್ತಾಗಿ ದೊಡ್ಡ ಊರಿಗೆ ಒಯ್ದಿದ್ದರೆ ಬಿಡಿಸಲು ನೋಡಬಹುದಿತ್ತು, ಈಗ ಕಷ್ಟ. ಬೇರೆ ಕೈಗೆ ಹೊಸದಾಗಿ ಮಾಡಬೇಕು. ಬಲಗೈಯ ನರಗಳು ಸಣ್ಣವು, ಸೂಜಿ ಚುಚ್ಚಿಸಿಕೊಂಡು ಗಟ್ಟಿಯಾಗಿವೆ. ಆಗಬಹುದು, ಆಗದೆಯೂ ಇರಬಹುದು. ಆ ಆಪರೇಷನ್ ಬೇರೆ ಊರಿನಲ್ಲಿ, ಅದಕ್ಕೂ ಸರದಿ ಇದೆ. ಅಲ್ಲಿಯತನಕ ಕುತ್ತಿಗೆಗೆ ಒಂದು ಕೊಳವೆ ಹಾಕಿ ಡಯಾಲಿಸಿಸ್ ನಡೆಸಬೇಕು. ಕೊಳವೆ ಇರುವವರು ಒಬ್ಬರೇ ಬರಕೂಡದು.

“ಇದಕ್ಕೆಲ್ಲಾ ಎಷ್ಟು ಆಗ್ತದ್ರಿ ಸಾಹೇಬ್ರ?” ಎಂದ ಈರಯ್ಯ.

“ಸರಕಾರದ ಕಾರ್ಡ್ ಇದೆಯಲ್ಲ. ಕೊಳವೆ ಪುಕ್ಕಟೆ, ಡಯಾಲಿಸಿಸ್ ಪುಕ್ಕಟೆ, ಆಪರೇಷನ್ನೂ ಪುಕ್ಕಟೆ.”

ಈರಯ್ಯ ತನ್ನ ಅಂಗೈ ನೋಡಿಕೊಂಡ. “ಎಲ್ಲಾ ಪುಕ್ಕಟೆ ಅಂತೀರಿ. ಮತ್ತ ನಾವು ಯಾತಕ್ಕ ಬರಿದಾಗಾಕತ್ತೀವ್ರಿ?”

ಕೇಳಿದ್ದು ಸಿಟ್ಟಿನಿಂದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ.  ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ಕುತ್ತಿಗೆಯ ಕೊಳವೆಯೊಂದಿಗೆ ಶಿವಬಸಮ್ಮ ಮತ್ತೆ ಬುಧವಾರ ಶನಿವಾರ ಬರತೊಡಗಿದಳು. ಜೊತೆಗೆ ಈರಯ್ಯ. ಈಗ ಅವಳು ಯಾರಿಗೂ ಕೈ ಕೇಳಿಸುತ್ತಿರಲಿಲ್ಲ. ಸೆರಗಿನಿಂದ ಕೊಳವೆ ಮುಚ್ಚಿಕೊಂಡು, ಎಡಗೈಯನ್ನು ಮಡಿಲಲ್ಲಿ ಯಾರದೋ ಕೂಸನ್ನು ಇಟ್ಟುಕೊಂಡಂತೆ ಇಟ್ಟುಕೊಂಡು ಕೂರುತ್ತಿದ್ದಳು. ಕೊಳವೆಯ ಸುತ್ತ ಕೀವಾಗಿ ಜ್ವರ ಬಂತು. ಅದಕ್ಕೆ ಬರೆದುಕೊಟ್ಟ ಇಂಜೆಕ್ಷನ್ ಆಸ್ಪತ್ರೆಯಲ್ಲಿ ಇರಲಿಲ್ಲ, ಹೊರಗಿನಿಂದ ತಂದರು. ಅವಳ ಕಿವಿಯ ಓಲೆ ಅಂದಿನಿಂದ ಕಾಣಲಿಲ್ಲ.

ಒಂದು ಬುಧವಾರ ಅವಳು ಬರಲಿಲ್ಲ. ಶನಿವಾರ ಬಂದಾಗ ಕೇಳಿದೆ. “ಅವತ್ತ ಆರಾಮ ಇದ್ದೆ ಅಕ್ಕಾರ,” ಎಂದಳು. ಮುಖ ಬಾತಿತ್ತು, ಮಾತಿಗೊಮ್ಮೆ ಉಸಿರು ಎಳೆಯುತ್ತಿದ್ದಳು. ಮುಂದಿನ ವಾರ ಮತ್ತೆ ಒಂದು ದಿನ ತಪ್ಪಿತು. ಈರಯ್ಯ ಔಷಧಿ ತರಲು ಹೋದಾಗ ನಾನು ಅವಳ ಪಕ್ಕ ಕೂತು, ಏನಾಗಿದೆ ಹೇಳು ಎಂದೆ. ಆಗ ಹೇಳಿದಳು.

ಗಿರಣಿಯ ಹಮಾಲರ ತಂಡಕ್ಕೆ ಸಾಬಣ್ಣ ಎಂಬವನು ಮೇಸ್ತ್ರಿ. ಅವನು ಒಂದು ಸಂಜೆ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಈರಯ್ಯನಿಗೆ ಹೇಳಿದ್ದು ಒಳಗೆ ಮಲಗಿದ್ದ ಅವಳಿಗೆ ಕೇಳಿತು.

“ಈರಯ್ಯ, ನಿನ್ನ ಪಾಲಿನ ಚೀಲ ಎಷ್ಟು ದಿವ್ಸಂತ ಹೊರೋಣೋ? ಹುಡುಗ್ರು ಗೊಣಗಾಕತ್ತಾರ. ಹೊಸಬನ್ನ ಹಚ್ಚೋಣು ಅಂತಾರ.”

“ಆಕಿ ಬ್ಯಾನಿ ನಿನಗ ಗೊತ್ತಿಲ್ಲೇನಣ್ಣಾ.”

“ಗೊತ್ತದೋ ತಮ್ಮಾ. ಸಾವಾದ್ರ ಪಾಲು ಇಡ್ತೀವಿ, ಅದು ನಮ್ಮ ತಂಡದ ಪದ್ಧತಿ. ಮಣ್ಣು ಮಾಡಿ ಮೂರನೇ ದಿನದ ತನಕ ದುಡೀದಿದ್ರೂ ಪಾಲು ಬರ್ತದ. ಬ್ಯಾನಿಗೆ ಪದ್ಧತಿ ಇಲ್ಲ. ಸಾವಿಗೆ ಕೊನಿ ಅದ. ಬ್ಯಾನಿಗೆ ಎಲ್ಲದ ಕೊನಿ?”

ಸಾಬಣ್ಣ ಕೆಟ್ಟವನಲ್ಲ ಎಂದಳು ಶಿವಬಸಮ್ಮ. ಹೋಗುವಾಗ ಅವಳಿಗೆ ಎರಡು ಮೋಸಂಬಿ ಇಟ್ಟು ಹೋಗಿದ್ದ.

“ನೋಡ್ರಿ ಅಕ್ಕಾರ, ಎಂಥಾ ಲೆಕ್ಕ ಇದು. ಅವಾಗ ಸೂಜಿ ಚುಚ್ಚಿಸ್ಕೊಂಡ್ರ ಪಗಾರ ಸಿಗ್ತಿತ್ತು. ಈಗ ಸೂಜಿ ಚುಚ್ಚಿಸ್ಕೊಂಡ್ರ ಪಗಾರ ಹೋಗ್ತದ. ನಾ ಇಲ್ಲಿ ಮಕ್ಕೊಂಡು ಒಂದು ದಿವ್ಸ ಬದುಕಿದ್ರ ಅವರದೊಂದು ದಿವ್ಸ ಕಡಿಮಿ ಆಗ್ತದ. ನನ್ನ ಒಂದು ದಿವ್ಸ ಅಷ್ಟು ಬೆಲಿ ಬಾಳ್ತದೇನ್ರಿ?”

ಬಾಳುತ್ತದೆ ಎಂದೆ. ಅದರ ಬೆಲೆ ಕಟ್ಟುವವರು ನಾವಲ್ಲ ಎಂದೆ. ಈರಯ್ಯ ಬಸ್ಸು ಹತ್ತಿಸಿ ಕಳಿಸಲಿ, ನಾನು ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ಎರಡು ಸಲ ಹಾಗೆ ಬಂದಳು ಕೂಡ. ಮೂರನೆಯ ಸಲ ದಾರಿಯಲ್ಲಿ ಕೊಳವೆಯಿಂದ ರಕ್ತ ಒಸರಿ ಬಸ್ಸಿನವರು ಗಾಬರಿಯಾಗಿ ಇಳಿಸಿಬಿಟ್ಟರು. ಯಾರದೋ ಆಟೋದಲ್ಲಿ ಊರಿಗೆ ಹಿಂತಿರುಗಿದಳು. ಆಮೇಲೆ ಅವಳು ಬರಲಿಲ್ಲ. ಹುಮೇರಾ ಫೋನು ಮಾಡಿದಳು, ನಾನೂ ಮಾಡಿದೆ. ಪ್ರತಿ ಸಲವೂ ಅವಳೇ ಎತ್ತಿ, “ಇವತ್ತ ಆರಾಮ ಅದೀನಿ, ಮುಂದಿನ ವಾರ ಬರ್ತೀನಿ,” ಅನ್ನುತ್ತಿದ್ದಳು. ಹೊರಗೆ ಹೊರಟ ಗಂಡನಿಗೂ ಅದನ್ನೇ ಹೇಳುತ್ತಿದ್ದಳಂತೆ. ಅವನಿಗೆ ತಿಳಿಯುತ್ತಿರಲಿಲ್ಲವೇ? ತಿಳಿಯುತ್ತಿತ್ತು. ಆದರೂ ಚೀಲ ಹೊರಲು ಹೋಗುತ್ತಿದ್ದ. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಸುದ್ದಿ ಬಂದ ದಿನ ನಾನು ಹಿರೇಕೊಟ್ನೆಕಲ್ಲಿಗೆ ಹೋದೆ. ಅಂಗಳದಲ್ಲಿ ಜನ ತುಂಬಿದ್ದರು. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ಹಸಿರು ಸೀರೆ ಉಡಿಸಿದ್ದರು. ಉಡಿ ತುಂಬುವಾಗ ಚುಚ್ಚಿ ಮಾತಾಡಿದ್ದ ಮುದುಕಿಯೇ ಹಣೆಗೆ ಕುಂಕುಮ ಇಡುತ್ತ, “ಪುಣ್ಯವಂತಿ, ಮುತ್ತೈದಿಯಾಗಿ ಹೋದ್ಲು. ಬಳಿ ಇಡಸ್ರಿ, ಎರಡೂ ಕೈ ತುಂಬ ಇಡಸ್ರಿ,” ಎಂದು ಅಳುತ್ತಿದ್ದಳು.

ಬಡೇಬೀ ಬುಟ್ಟಿ ತಂದಿದ್ದಳು. ಮೊದಲು ಬಲಗೈ ಮುಗಿಸಿದಳು. ಎಡಗೈ ಹಿಡಿದುಕೊಂಡು ಮಣಿಕಟ್ಟನ್ನು ಮುಟ್ಟಿ ನೋಡಿದಳು. ಉಬ್ಬು ಕುಗ್ಗಿ ಅಲ್ಲಿ ಒಂದು ಗಟ್ಟಿ ಗಂಟು ಉಳಿದಿತ್ತು. ಆಮೇಲೆ ಬುಟ್ಟಿಯ ತಳದಿಂದ ಎಲ್ಲಕ್ಕಿಂತ ದೊಡ್ಡ ಅಳತೆಯ ಬಳೆಗಳನ್ನು ತೆಗೆದು ಇಟ್ಟಳು. ಬೆರಳು ಮಡಿಸುವ ಕೆಲಸವೇ ಬೀಳಲಿಲ್ಲ. ಬಳೆಗಳು ಜಾರಿ ಮೊಣಕೈಯವರೆಗೂ ಹೋದವು.

“ಭಾಳ ಸಡ್ಲ ಆದ್ವಲ್ಲ ಬಡೇಬೀ,” ಎಂದರು ಯಾರೋ.

“ಇರ್ಲಿ ಯವ್ವಾ,” ಎಂದಳು ಬಡೇಬೀ. “ಸಡ್ಲ ಇರ್ಲಿ.”

ಮಠದ ಅಯ್ಯನವರು ಬಂದು ಕೊರಳಿನ ಲಿಂಗವನ್ನು ಬಿಚ್ಚಿ ಅವಳ ಎಡ ಅಂಗೈಯಲ್ಲಿಟ್ಟು, ಮೇಲೆ ವಿಭೂತಿ ಇಟ್ಟು, ಬಟ್ಟೆಯಿಂದ ಕಟ್ಟಿದರು. ನಾನು ಕೈಮುಗಿದು ನಿಂತಿದ್ದೆ. ಏನನ್ನೂ ಬೇಡಿಕೊಳ್ಳಲಿಲ್ಲ. ಬೇಡಲು ಏನು ಉಳಿದಿತ್ತೋ ತಿಳಿಯಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಈರಯ್ಯ ಕಟ್ಟೆಯ ಮೇಲೆ ಕೂತಿದ್ದ. ಗಿರಣಿಯ ಹಮಾಲರೆಲ್ಲ ಬಂದಿದ್ದರು. ಸಾಬಣ್ಣ ಅವನ ಪಕ್ಕ ಕೂತು, ಹೆಗಲ ಮೇಲೆ ಕೈ ಇಟ್ಟು, ಮೆಲ್ಲಗೆ ಹೇಳಿದ:

“ಮೂರು ದಿನ ಬರಬ್ಯಾಡ ತಮ್ಮಾ. ನಿನ್ನ ಪಾಲು ಇಟ್ಟಿರ್ತೀವಿ.”

ಈರಯ್ಯ ಹೂಂ ಎಂದು ತಲೆ ಆಡಿಸಿದ.